ಹಚ್ಚದ ಊದುಬತ್ತಿ

ಎಮರ್ಜೆನ್ಸಿ ಮುಗಿದ ಮರುವರ್ಷದ ಬೇಸಿಗೆಯ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮೊದಲು, ನಾನು ರಾಮಗಿರಿಯ ಬೆಟ್ಟಕ್ಕೆ ಬೆನ್ನು ಮಾಡಿ ಹೊಸದುರ್ಗದ ರಸ್ತೆಯ ಎಡಮಗ್ಗುಲಲ್ಲಿ ನಿಂತಿದ್ದೆ. ನನ್ನ ಬಲಗೈಯಲ್ಲಿ ಕಾರು ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲ್ ಇತ್ತು. ನನ್ನಿಂದ ಎರಡು ಮಾರು ದೂರದಲ್ಲಿ ನಾಲ್ಕು ಜನ ಸೇರಿ ಡ್ರೈವರ್ ಕೆಂಚಪ್ಪನನ್ನು ಹೊಡೆಯುತ್ತಿದ್ದರು. ಕಾರಿಗೆ ಬೆಂಕಿ ಹತ್ತಿದ್ದಕ್ಕೆ ಹೊಡೆಯುತ್ತಿದ್ದರು. ಆ ಬೆಂಕಿಗೆ ಕಾರಣ ನಾನು. ಅವನು ನನ್ನನ್ನು ಸಾಕ್ಷಿಗೆ ಕರೆದ. ನಾನು, "ನಾನು ನೋಡ್ಲಿಲ್ಲ" ಎಂದೆ.

ಇಷ್ಟು ಬರೆದು ಎರಡು ದಿನ ಪೆನ್ನು ಮುಟ್ಟಲಿಲ್ಲ. ಉಳಿದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಆಗ ನನಗೆ ಇಪ್ಪತ್ತಾರು. ಹೊಳಲ್ಕೆರೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಶೆಡ್ಡು. ಲಾರಿ, ಟ್ರ್ಯಾಕ್ಟರ್ ರಿಪೇರಿ ನನ್ನ ಕೆಲಸ. ಎಣ್ಣೆ ಮಿಲ್ಲಿನ ಯಜಮಾನರ ಮನೆಯಲ್ಲಿ ಒಂದು ಕಪ್ಪು ಕಾರಿತ್ತು — ಇಂಗ್ಲೆಂಡಿನದು, ದುಂಡನೆಯ ದೀಪಗಳದ್ದು. ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟು ಹೊರಟಿದ್ದ ಬಿಳಿಯ ಅಧಿಕಾರಿಯೊಬ್ಬನಿಂದ ಯಜಮಾನರ ತಂದೆ ಕೊಂಡಿದ್ದು. ಅದನ್ನು ಓಡಿಸುತ್ತಿದ್ದವನು ಕೆಂಚಪ್ಪ. ಹಿರಿಯೂರು ಕಡೆಯ ಕುರಿ ಸಾಕುವವರ ಮನೆಯವನು. ನನಗಿಂತ ಹತ್ತು ವರ್ಷ ದೊಡ್ಡವನು. ಕಾರನ್ನು 'ಮುದುಕಿ' ಎಂದೇ ಕರೆಯುತ್ತಿದ್ದ.

ಯಜಮಾನರ ಮಗಳು ಗೌರಮ್ಮನ ಮದುವೆಯಾಗಿತ್ತು. ಅವಳು ಮೊದಲ ಸಲ ಹೊಸದುರ್ಗದ ಗಂಡನ ಮನೆಗೆ ಹೊರಡುವುದು ಆ ಕಾರಿನಲ್ಲೇ ಆಗಬೇಕು ಎಂದು ಯಜಮಾನರ ಆಸೆ. ನಾಲ್ಕು ದಿನ ಮೊದಲು ಕೆಂಚಪ್ಪ ಕಾರನ್ನು ನನ್ನ ಶೆಡ್ಡಿಗೆ ತಂದ.

"ಏನಪ್ಪ ಮೇಸ್ತ್ರಿ, ಮುದುಕಿಗೆ ಉಚ್ಚೆ ನಿಲ್ತಿಲ್ಲ. ನೋಡು ಬಾ."

ಬಾನೆಟ್ ಎತ್ತಿ ನೋಡಿದೆ. ಪೆಟ್ರೋಲ್ ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ತಾಮ್ರದ ಪೈಪಿನ ಕೊನೆಯಲ್ಲಿ, ಹಿತ್ತಾಳೆಯ ನಟ್ಟು ಕೂರುವ ಜಾಗದಿಂದ ತೊಟ್ಟಿಕ್ಕುತ್ತಿತ್ತು. ನಟ್ಟು ಸೀಳಿತ್ತು. ಅದಕ್ಕೆ ಮಾಡಬೇಕಾದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು: ಪೈಪಿನ ತುದಿ ಕತ್ತರಿಸಿ, ಕಹಳೆಯ ಬಾಯಿಯಂತೆ ಹೊಸದಾಗಿ ಅಗಲಿಸಿ, ಅದೇ ಅಳತೆಯ ಹೊಸ ನಟ್ಟು ಹಾಕಬೇಕು. ಆ ಇಂಗ್ಲಿಷ್ ಅಳತೆಯ ನಟ್ಟು ಚಿತ್ರದುರ್ಗದಲ್ಲೂ ಸಿಗುತ್ತಿರಲಿಲ್ಲ, ಬೆಂಗಳೂರಿನಿಂದ ತರಿಸಬೇಕಿತ್ತು. ಹಾಗೆಂದು ಒಂದು ಮಾತು ಹೇಳಿದ್ದರೆ ಗೌರಮ್ಮ ಲಾರಿಯಲ್ಲೋ ಬಸ್ಸಿನಲ್ಲೋ ಹೋಗುತ್ತಿದ್ದಳು. ನಾನು ಹೇಳಲಿಲ್ಲ. ಯಜಮಾನರು ಸಂಜೆ ಶೆಡ್ಡಿಗೆ ಬಂದು, "ಇದು ನಿನ್ ಕೈಲಿ ಆಗ್ತೈತೋ, ದಾವಣಗೆರೆಯೋರ್ನ ಕರೆಸ್ಲೋ?" ಎಂದಾಗ ಅಲ್ಲಿ ನಾಲ್ಕೈದು ಲಾರಿ ಡ್ರೈವರುಗಳು ಚಹಾ ಕುಡಿಯುತ್ತ ಕೂತಿದ್ದರು. "ಯಾತಕ್ಕೆ ಯಜಮಾನ್ರೇ, ನಾನ್ ಮಾಡ್ತೀನಿ ಬಿಡ್ರಿ" ಎಂದುಬಿಟ್ಟೆ.

ಹಳೆಯ ಲಾರಿಯದೊಂದು ನಟ್ಟು ಹುಡುಕಿದೆ. ಕಣ್ಣಿಗೆ ಅದೇ ಅಳತೆ. ಕೈಯಲ್ಲಿ ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದು ಬಿಗಿಯಿತು. ಒಳ್ಳೆಯ ಮೆಕ್ಯಾನಿಕ್ ಅಲ್ಲಿಗೆ ನಿಲ್ಲಿಸುತ್ತಾನೆ — ತನ್ನದಲ್ಲದ ನಟ್ಟು ಕೂಡ ಮೊದಲೆರಡು ಸುತ್ತು ಒಪ್ಪಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತು. ನನಗೂ ಗೊತ್ತಿತ್ತು. ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಬಲ ಹಾಕಿದೆ. ನಟ್ಟಿನ ಒಳಗೆ ಹಿತ್ತಾಳೆಯ ಥ್ರೆಡ್ಡು ಹರಿದದ್ದು ಮಣಿಕಟ್ಟಿಗೆ ತಿಳಿಯಿತು. ಆದರೂ ಬಿಚ್ಚಲಿಲ್ಲ. ನೂಲು ಸುತ್ತಿ, ಮೇಲೆ ಬಟ್ಟೆ ಒಗೆಯುವ ಹಳದಿ ಸೋಪು ಮೆತ್ತಿದೆ. ಸೋಪು ಪೆಟ್ರೋಲಿಗೆ ಕರಗುವುದಿಲ್ಲ. ಕೆಟ್ಟು ನಿಂತ ಗಾಡಿಯನ್ನು ಊರು ಸೇರಿಸಲು ಎಲ್ಲರೂ ಮಾಡುವ ಉಪಾಯ ಅದು. ಊರು ಸೇರಿದ ಮೇಲೆ ತೆಗೆಯುವಂಥದ್ದು. ನಾನು ಅದರ ಮೇಲೆ ಮಸಿ ಗ್ರೀಸು ಬಳಿದು ಕಾಣದ ಹಾಗೆ ಮಾಡಿದೆ. ಕಾಣದ ಹಾಗೆ ಮಾಡಿದೆ ಎಂಬುದನ್ನು ಓದುವವರು ಗಮನಿಸಬೇಕು.

ಸೋಮವಾರ ಬೆಳಿಗ್ಗೆ ಯಜಮಾನರ ಅಂಗಳದಲ್ಲಿ ಕಾರಿಗೆ ಹೂವಿನ ಹಾರ ಹಾಕಿದ್ದರು. ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ನನ್ನನ್ನೂ ಬರಹೇಳಿದ್ದರು. ಗೌರಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಯಜಮಾನರು ಇನ್ನೂ ಒಳಗಿದ್ದರು. ಕೆಂಚಪ್ಪನಿಗೆ ಒಂದು ಪದ್ಧತಿಯಿತ್ತು: ಗಾಡಿ ತೆಗೆಯುವ ಮೊದಲು ಸ್ಟಿಯರಿಂಗಿನ ಪಕ್ಕದ ಹಿತ್ತಾಳೆಯ ಗೂಡಿನಲ್ಲಿ ಎರಡು ಊದುಬತ್ತಿ ಹಚ್ಚಿಡುತ್ತಿದ್ದ. ಬೀಡಿ ಬಿಟ್ಟು ಮೂರು ವರ್ಷವಾಗಿತ್ತು. ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಳ್ಳುತ್ತಿದ್ದದ್ದು ಇದೊಂದಕ್ಕೇ. ಅವತ್ತು ಬತ್ತಿ ಸಿಕ್ಕಿಸಿ, ಕಡ್ಡಿ ತೆಗೆದು, ಮೂಗು ಎಳೆದ.

"ಮೇಸ್ತ್ರಿ, ವಾಸ್ನೆ ಬರ್ತೈತಲ್ಲೋ."

"ಟ್ಯಾಂಕ್ ತುಂಬಿಸ್ವಾಗ ಚೆಲ್ಲೈತೆ. ಆರ್ತೈತೆ ಬಿಡು," ಎಂದೆ. ಆಮೇಲೆ — ಇದು ಮುಖ್ಯ — ಕಿಟಕಿಯಿಂದ ಕೈ ಹಾಕಿ ಅವನ ಮಣಿಕಟ್ಟು ಹಿಡಿದೆ. "ಇವತ್ತು ಹಚ್ಚಬ್ಯಾಡ."

ಅವನು ನನ್ನ ಮುಖ ನೋಡಿದ. ನಕ್ಕ. "ಮುದುಕಿ ಮುನಿಸ್ಕಂತಾಳೆ ಕಣಪ್ಪ," ಎಂದು ಕಡ್ಡಿಯನ್ನು ಪೊಟ್ಟಣಕ್ಕೆ ವಾಪಸು ಹಾಕಿದ. ನಾನು ಹೇಳಿದ್ದನ್ನು ನಂಬಿದ. ಬತ್ತಿಗಳು ಹಚ್ಚದೆ ಹಾಗೇ ನಿಂತವು.

ಮನೆಯ ಸಾಮಾನು, ನೆಂಟರು ಹಿಂದೆ ಲಾರಿಯಲ್ಲಿ ಬರುವವರಿದ್ದರು. ನಾವು ಮುಂದೆ ಹೊರಟೆವು. ರಾಮಗಿರಿಯಲ್ಲಿ ಯಜಮಾನರು ಎಳನೀರು ಕುಡಿಯಲು ಇಳಿದರು. ಮತ್ತೆ ಹೊರಡಲು ನೋಡಿದರೆ ಕಾರು ಎದ್ದೇಳಲಿಲ್ಲ. ಬಾನೆಟ್ ಎತ್ತಬೇಕಿತ್ತು. ಯಜಮಾನರು ನನ್ನ ಪಕ್ಕದಲ್ಲೇ ನಿಂತಿದ್ದರು — ಎತ್ತಿದರೆ ಸೋಪು ಕಾಣುತ್ತಿತ್ತು. ಎತ್ತಲಿಲ್ಲ. ಹ್ಯಾಂಡಲ್ ತೆಗೆದುಕೊಂಡು ಮುಂದೆ ಬಗ್ಗಿ ತಿರುವಿದೆ. ಹತ್ತೋ ಹನ್ನೆರಡೋ ಸಲ. ನಾನು ತಿರುವಿದಷ್ಟೂ ಪಂಪು ಪೆಟ್ರೋಲನ್ನು ಹರಿದ ನಟ್ಟಿನಿಂದ ಹೊರಕ್ಕೆ ತಳ್ಳುತ್ತಿತ್ತು; ಅದು ಇಳಿಜಾರಿನಲ್ಲಿ ಕಾರಿನಡಿಯೇ ಹಿಂದಕ್ಕೆ ಹರಿಯುತ್ತಿತ್ತು. ಕೊನೆಯ ಸಲಕ್ಕೆ ಎಂಜಿನ್ನು ಕೆಮ್ಮಿ ಕಾರ್ಬೊರೇಟರಿನ ಬಾಯಿಂದ ಬೆಂಕಿ ಉಗುಳಿತು.

ಮೊದಲು ಪಟ್ ಎಂಬ ಸದ್ದು. ಆಮೇಲೆ ಕಾರಿನಡಿಯಲ್ಲಿ ಉದ್ದಕ್ಕೆ ನೀಲಿ. ನಾನು ಹಿಂದಕ್ಕೆ ಹಾರಿದೆ. ಯಜಮಾನರು ಕಿರುಚಿದರು. ಕೆಂಚಪ್ಪ ತನ್ನ ಬಾಗಿಲಿನಿಂದ ಇಳಿದ, ಓಡಬಹುದಿತ್ತು. ಅವನು ಹಿಂದಿನ ಬಾಗಿಲು ಎಳೆದು ಒಳಗೆ ನುಗ್ಗಿದ. ಗೌರಮ್ಮನ ಸೀರೆ ಉರಿಯುತ್ತಿತ್ತು. ಅವಳನ್ನು ಎಳೆದು ರಸ್ತೆಯ ಮಣ್ಣಿನಲ್ಲಿ ಹೊರಳಿಸಿ, ಬರಿಗೈಯಿಂದ ಬೆಂಕಿ ಬಡಿದ. ಅವನ ಅಂಗೈಯ ಚರ್ಮ ಸೀರೆಗೆ ಅಂಟಿಕೊಂಡು ಬಂದದ್ದನ್ನು ನೋಡಿದ್ದೇನೆ.

ಅಷ್ಟರಲ್ಲಿ ಲಾರಿ ಬಂತು. ಯಜಮಾನರು ಮಗಳನ್ನು ಮಲಗಿಸಿಕೊಂಡು ಅದೇ ಲಾರಿಯಲ್ಲಿ ಚಿತ್ರದುರ್ಗದ ಆಸ್ಪತ್ರೆಗೆ ತಿರುಗಿದರು. ಅವರ ಮಗ ಪರಮೇಶಿ, ಅವನ ಮೂವರು ದಾಯಾದಿಗಳು ಇಳಿದುಕೊಂಡರು. ಕಾರಿಗೆ ಮಣ್ಣು ಎರಚಿದೆವು. ಬೆಂಕಿ ಆರಿತು. ಆಮೇಲೆ ಪರಮೇಶಿ ಕೆಂಚಪ್ಪನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಿದ. ಜೇಬಿನಿಂದ ಬೆಂಕಿಪೊಟ್ಟಣ ಕೆಳಗೆ ಬಿತ್ತು.

ಪರಮೇಶಿ ಅದನ್ನು ಕಾಲಿನಿಂದ ಹೊರಳಿಸಿ ನೋಡಿದ.

"ಬೀಡಿ ಹಚ್ಚಿದ್ಯೇನಲೇ? ನನ್ ತಂಗೀನ ಕುಂದ್ರಿಸ್ಕಂಡು ಬೀಡಿ ಹಚ್ಚಿದ್ಯೇನಲೇ?"

"ಇಲ್ಲ ಧಣಿ! ಬೀಡಿ ಬಿಟ್ಟು ಮೂರ್ ವರ್ಷ ಆತು. ಇವತ್ತು ಊದಿನಕಡ್ಡೀನೂ ಹಚ್ಚಿಲ್ಲ. ಮೇಸ್ತ್ರೀನ ಕೇಳ್ರಿ! ಹಚ್ಚಬ್ಯಾಡ ಅಂದೋನೇ ಅವನು!"

ನಾಲ್ವರೂ ನನ್ನ ಕಡೆ ತಿರುಗಿದರು. ಹೌದು ಎಂದರೆ ಮುಂದಿನ ಪ್ರಶ್ನೆ — ಯಾಕೆ ಬೇಡ ಅಂದೆ? ಅದಕ್ಕೆ ಉತ್ತರ ಬಾನೆಟ್ಟಿನೊಳಗಿತ್ತು. ನಾನು ಕೆಂಚಪ್ಪನ ಮುಖ ನೋಡದೆ, ನೆಲದಲ್ಲಿದ್ದ ಪೊಟ್ಟಣ ನೋಡುತ್ತ, "ನಾನು ನೋಡ್ಲಿಲ್ಲ" ಎಂದೆ.

ಕೆಂಚಪ್ಪ "ಮೇಸ್ತ್ರಿ" ಎಂದ. ಬೈಯಲಿಲ್ಲ. ನನಗೆ ಕೇಳಿಸಿಲ್ಲವೇನೋ ಎಂಬಂತೆ ಮತ್ತೊಮ್ಮೆ, "ಲೋ, ಮೇಸ್ತ್ರಿ" ಎಂದ.

ಮೊದಲ ಏಟು ಬಾಯಿಗೆ ಬಿತ್ತು. ಎರಡು ಹಲ್ಲು ಮುರಿದವು. ಬಿದ್ದ ಮೇಲೆ ಪಕ್ಕೆಗೆ, ಬೆನ್ನಿಗೆ ಒದ್ದರು. ಒದೆತಕ್ಕೊಮ್ಮೆ ಅವನ ಉಸಿರು ಹೊರಬೀಳುವ ಸದ್ದು ಬೇರೆ ಬೇರೆ ಥರ ಕೇಳುತ್ತಿತ್ತು. ರೈಲು ಸ್ಟೇಷನ್ನಿನ ಕಡೆಯಿಂದ ಪ್ಯಾಸೆಂಜರ್ ಗಾಡಿ ಹೊರಟ ಕೂಗು ಅದರ ನಡುವೆ ಬಂತು. ಪರಮೇಶಿ ಅವನ ಬಲಗೈಯನ್ನು ಎಳೆದು ಮೈಲಿಗಲ್ಲಿನ ಮೇಲಿಟ್ಟ. "ಹಿಡ್ಕಳ್ರಲೇ. ಯಾವ ಕೈಯಾಗೆ ಕಡ್ಡಿ ಗೀರಿದ್ನೋ ಆ ಕೈ." ಅದು ಆಗಲೇ ಸುಟ್ಟಿದ್ದ ಕೈ, ಪರಮೇಶಿಯ ತಂಗಿಯನ್ನು ಎಳೆದು ತೆಗೆದ ಕೈ. ಪರಮೇಶಿ ಸುತ್ತ ನೋಡಿ, ನನ್ನ ಮುಂದೆ ಅಂಗೈ ಚಾಚಿದ.

ಹ್ಯಾಂಡಲನ್ನು ನನ್ನ ಕೈಯಿಂದ ಕಿತ್ತುಕೊಂಡರು ಎಂದು ಮೊದಲು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದ್ದೇನೆ. ಕಿತ್ತುಕೊಳ್ಳಲಿಲ್ಲ. ನಾನು ಕೊಟ್ಟೆ.

ಮೂರು ಏಟು. ಮೊದಲನೆಯದಕ್ಕೆ ಕೆಂಚಪ್ಪ ಕೂಗಿದ. ಮೂರನೆಯದಕ್ಕೆ ಕೂಗಲಿಲ್ಲ. ಕಲ್ಲಿನ ಮೇಲೆ 'ಹೊಸದುರ್ಗ' ಎಂಬ ಅಕ್ಷರಗಳು ಅರ್ಧ ಕಾಣುತ್ತಿರಲಿಲ್ಲ. ಆಮೇಲೆ ಪರಮೇಶಿ ಹ್ಯಾಂಡಲನ್ನು ನನಗೇ ವಾಪಸು ಕೊಟ್ಟ. ನಾನು ಅದನ್ನು ಒರೆಸಿದೆ.

ಅವರು ಕೆಂಚಪ್ಪನನ್ನು ಒಂದು ಎತ್ತಿನ ಗಾಡಿಗೆ ಹಾಕಿ ಕಳಿಸುವ ಹೊತ್ತಿಗೆ ನಾನು ಕಾರಿನ ಬಳಿಗೆ ಹೋದೆ. ಸ್ಟಿಯರಿಂಗಿನ ಪಕ್ಕದ ಗೂಡಿನ ಕಡೆ ನೋಡಲಿಲ್ಲ. ನಟ್ಟು ಅರ್ಧ ಕಳಚಿ ಪೈಪಿನಿಂದ ತೂಗಾಡುತ್ತಿತ್ತು. ತಿರುವಿ ತೆಗೆದು ಚಡ್ಡಿಯ ಜೇಬಿಗೆ ಹಾಕಿಕೊಂಡೆ. ಇನ್ನೂ ಸುಡುತ್ತಿತ್ತು. ತೊಡೆಯ ಮೇಲೆ ಅದರ ಆರು ಮೂಲೆಯ ಗುರುತು ಈಗಲೂ ಇದೆ; ಹೆಂಡತಿಗೆ ವೆಲ್ಡಿಂಗ್ ಕಿಡಿ ಎಂದು ಹೇಳಿದ್ದೆ.

ಯಜಮಾನರು ಪೊಲೀಸ್ ಕೇಸು ಬೇಡವೆಂದರು. ಬಡವನ ಮೇಲೆ ಕನಿಕರ ತೋರಿಸಿದರು ಎಂದು ಊರು ಅವರನ್ನು ಹೊಗಳಿತು. ಕೆಂಚಪ್ಪ ಹಿರಿಯೂರು ಕಡೆಗೆ, ಅಣ್ಣಂದಿರ ಕುರಿಹಿಂಡಿಗೆ ವಾಪಸು ಹೋದ. ಬೀಡಿ ಸೇದಿ ಮದುಮಗಳನ್ನು ಸುಟ್ಟವನು ಎಂಬ ಮಾತು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಒಮ್ಮೆ, ಎಷ್ಟೋ ವರ್ಷದ ಮೇಲೆ, ಹಿರಿಯೂರಿನ ಹತ್ತಿರ ನಾನಿದ್ದ ಬಸ್ಸು ನಿಂತಿತು. ಕುರಿಗಳು ರಸ್ತೆ ದಾಟುತ್ತಿದ್ದವು. ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತವನು ಕೆಂಚಪ್ಪ. ಆ ಕೈ ಪೂರ್ತಿ ಬಿಚ್ಚಿಕೊಂಡಿರಲಿಲ್ಲ, ಪೂರ್ತಿ ಮುಚ್ಚಿಯೂ ಇರಲಿಲ್ಲ. ಬಸ್ಸಿನ ಡ್ರೈವರ್, "ಏನಜ್ಜ, ಆಶೀರ್ವಾದ ಮಾಡ್ತಿಯೋ, ಭಿಕ್ಷೆ ಬೇಡ್ತಿಯೋ?" ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ನಾನು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಕಿಟಕಿಗೆ ಕಾಣದ ಹಾಗೆ ಕೆಳಗೆ ಬಗ್ಗಿದೆ. ಕೊನೆಯ ಕುರಿ ದಾಟುವವರೆಗೂ ಏಳಲಿಲ್ಲ.

ಹೋದ ವರ್ಷ ಹೊಸದುರ್ಗದ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ, ಒಂದು ದಾಖಲೆಗಾಗಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಕೂತ ಮುದುಕಿಯ ಕುತ್ತಿಗೆಯ ಚರ್ಮ ಸುಕ್ಕಾಗಿರಲಿಲ್ಲ — ಹೊಳೆಯುತ್ತಿತ್ತು, ಎಳೆದು ಅಂಟಿಸಿದಂತೆ. ಅವರೇ ನನ್ನನ್ನು ಗುರುತಿಸಿದರು.

"ಹೊಳಲ್ಕೆರೆ ಮೇಸ್ತ್ರಿ ಅಲ್ಲೇನ್ರಿ? ನಾನು ಗೌರಮ್ಮ."

ಆರೋಗ್ಯ ವಿಚಾರಿಸಿದರು. ಆಮೇಲೆ, "ಅವತ್ತು ಅಂಗಳದಾಗೆ ಕೆಂಚಣ್ಣನ ಕೈ ಹಿಡ್ದು ಹಚ್ಚಬ್ಯಾಡ ಅಂದೋರು ನೀವೇ ಅಲ್ವಾ?" ಎಂದರು.

ನಾನು ಹೌದು ಎಂದೆ. ಆ ಪದವನ್ನು ಹೇಳಬೇಕಾದ ಜಾಗ ಅದಾಗಿರಲಿಲ್ಲ.

"ಬೆಂಕಿ ಬಂದಾಗ ಅವನ ಎರಡೂ ಕೈ ನಂಗೆ ಕಾಣ್ತಿದ್ವು. ಒಂದು ಸ್ಟಿಯರಿಂಗ್ ಮ್ಯಾಲೆ, ಒಂದು ಸ್ವಿಚ್ ಮ್ಯಾಲೆ. ಬತ್ತಿ ಹಚ್ಚಿರ್ಲಿಲ್ಲ. ಆಸ್ಪತ್ರೆಯಿಂದ ಬಂದ್ಮ್ಯಾಲೆ ನಮ್ಮಣ್ಣಂಗೆ ಹೇಳ್ದೆ. ಮುಗ್ದೋಗಿದ್ದು, ಸುಮ್ನಿರು ಅಂದ. ಬ್ಯಾರೆ ಯಾರೂ ನನ್ನ ಕೇಳ್ಲೇ ಇಲ್ಲ." ಸೆರಗನ್ನು ಕುತ್ತಿಗೆಗೆ ಎಳೆದುಕೊಂಡರು. "ಕೆಂಚಣ್ಣ ಅದಾನೇನ್ರಿ?"

ಗೊತ್ತಿಲ್ಲ ಎಂದೆ. ಆಮೇಲೆ ಹಿರಿಯೂರು ಕಡೆಗೆ ಹುಡುಕಿಕೊಂಡು ಹೋದೆ. ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನ ಮಗ ಬಾಗಿಲಿಗೆ ಬಂದು, ನೀವು ಯಾರು ಎಂದು ಕೇಳಿದಾಗ, ದಾರಿ ತಪ್ಪಿ ಬಂದೆ ಎಂದು ಸುಳ್ಳು ಹೇಳಿ ತಿರುಗಿದೆ. ಅದೂ ನನ್ನ ಲೆಕ್ಕಕ್ಕೇ.

ಈಗ ಈ ಕಾಗದವನ್ನೂ ಆ ನಟ್ಟನ್ನೂ ಆ ಮಗನ ಕೈಗೆ ನಾನೇ ಕೊಡುತ್ತೇನೆ. ನಟ್ಟಿನ ಒಳಗೆ ಎರಡು ಸುತ್ತು ಸರಿಯಾಗಿವೆ, ಮೂರನೆಯದು ಹರಿದಿದೆ. ಯಾವ ಮೆಕ್ಯಾನಿಕ್ಕಿಗೆ ತೋರಿಸಿದರೂ ಏನಾಯಿತೆಂದು ಹೇಳುತ್ತಾನೆ. ಕೆಂಚಪ್ಪನ ಮಗ ನನ್ನನ್ನು ಏನು ಮಾಡಿದರೂ ಸರಿ. ಬೇಡ ಎನ್ನುವ ಹಕ್ಕು ನನಗಿಲ್ಲ.

ಅವತ್ತು ಅಲ್ಲಿದ್ದವರಲ್ಲಿ ಯಜಮಾನರು ಈಗ ಇಲ್ಲ. ಪರಮೇಶಿ ಇಲ್ಲ. ಅವನ ಜೊತೆಗಿದ್ದ ಇಬ್ಬರು ಇಲ್ಲ. ಮೂರನೆಯವನು ಚಿಕ್ಕಜಾಜೂರಿನಲ್ಲಿ ಹಾಸಿಗೆ ಹಿಡಿದಿದ್ದಾನೆ, ಅವನಿಗೆ ತನ್ನ ಮಕ್ಕಳ ಗುರುತೂ ಸಿಗುವುದಿಲ್ಲ. ಹಚ್ಚದ ಊದುಬತ್ತಿಯನ್ನು ಕಣ್ಣಾರೆ ಕಂಡವರು, ನನ್ನನ್ನು ಬಿಟ್ಟರೆ, ಒಬ್ಬರೇ ಉಳಿದಿದ್ದಾರೆ. ಹೊಸದುರ್ಗದ ಗೌರಮ್ಮ. ನನ್ನ ಮಾತನ್ನು ನಂಬಬೇಕಾಗಿಲ್ಲ. ಅವರನ್ನು ಕೇಳಿ.