ಜುಂಜಮ್ಮನ ಕೈಗೆ ಒಗ್ಗಿದ ಮಿಷನ್

ಶಿರಾ ಬಸ್ ನಿಲ್ದಾಣದ ಹಿಂದಿನ ಗಲ್ಲಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಲಕ್ಷ್ಮಯ್ಯನವರು ಆಗಲೇ ಅಂಗಡಿಯ ಬಾಗಿಲು ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಕನ್ನಡ ಟೈಪ್‌ರೈಟರೊಂದರ ಅಚ್ಚುಗಳನ್ನು ತಿಕ್ಕುತ್ತಿದ್ದಾರೆ. ಯಾರೂ ರಿಪೇರಿಗೆ ಕೊಟ್ಟ ಮಿಷನ್ ಅಲ್ಲ ಅದು. ಆದರೂ ದಿನಾ ಮೊದಲ ಉಪಚಾರ ಅದಕ್ಕೇ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಟೈಪಿಂಗ್ ಶಾಲೆಗಳಲ್ಲಿ ಯಾವ ಮಿಷನ್ ಕೈಕೊಟ್ಟರೂ ಇವರಿಗೇ ಹೇಳಿಕಳಿಸುತ್ತಾರೆ. ಹೆಸರು ಮಾತ್ರ ಯಾರಿಗೂ ಬೇಕಿಲ್ಲ, 'ರಿಪೇರಿಯವನು' ಅಷ್ಟೆ. ಅಕ್ಷರದ ಅಚ್ಚನ್ನು ಅದು ಕೂತಿರುವ ಲೋಹದ ಕಡ್ಡಿಯಿಂದ ಬಿಡಿಸಿ ಬೇಕಾದ ಕಡೆ ಬೆಸುಗೆ ಹಾಕುವ ಈ ಕೈಚಳಕಕ್ಕೆ ಬೆನ್ನು ತಟ್ಟಿದವರಾದರೂ ಯಾರು?

ಕಳ್ಳಂಬೆಳ್ಳದ ಜುಂಜಮ್ಮನ ಎಡಗೈಯ ಮೂರು ಬೆರಳು ಕಡಲೆಕಾಯಿ ಸುಲಿಯುವ ಮಿಷನ್ನಿಗೆ ಸಿಕ್ಕಿ ಹೋಗಿದ್ದವು. ಆದರೂ ಟೈಪಿಂಗ್ ಕಲಿತೇ ತೀರುತ್ತೇನೆಂದು ಹಟ ಹಿಡಿದಳು. ಲಕ್ಷ್ಮಯ್ಯನವರು ಹಳೇ ಮಿಷನ್ ಒಂದನ್ನು ಬಿಚ್ಚಿ, ಪದೇಪದೇ ಬೇಕಾಗುವ ಅಕ್ಷರಗಳನ್ನೆಲ್ಲ ಬಲಗೈ ಕಡೆಗೆ ಸಾಗಿಸಿದರು. ಪರೀಕ್ಷೆಗೆ ಕೂರುವವರೇ ಮಿಷನ್ ಒಯ್ಯುವ ಪದ್ಧತಿ. ಗೋಣಿಚೀಲ ಸುತ್ತಿ ಬಸ್ಸಿನ ಟಾಪಿಗೆ ಏರಿಸಿದರು. ಜುಂಜಮ್ಮ ಪಾಸಾದಳು, ಮಧುಗಿರಿಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸವೂ ಸಿಕ್ಕಿತು. ಅಬ್ಬಾ, ಅವತ್ತು ಇಡೀ ಗಲ್ಲಿಗೆ ಲಕ್ಷ್ಮಯ್ಯನವರ ಲೆಕ್ಕದಲ್ಲಿ ಟೀ!

ಎಡವಟ್ಟಾದದ್ದು ಆಮೇಲೆ. ಕಚೇರಿಯಲ್ಲಿದ್ದದ್ದು ಮಾಮೂಲಿ ಮಿಷನ್. ಅವಳ ಬೆರಳು ಹೋಗುವುದು ಲಕ್ಷ್ಮಯ್ಯ ಇಟ್ಟ ಜಾಗಕ್ಕೆ, ಕಾಗದದ ಮೇಲೆ ಬೀಳುವುದು ಇನ್ಯಾವುದೋ ಅಕ್ಷರ. ಲಕ್ಷ್ಮಯ್ಯ ಅವಳ ಮಿಷನ್ ಹೊತ್ತುಕೊಂಡು ಹೋದರೆ, ಹೊರಗಿನದು ಒಳಗೆ ಬರುವ ಹಾಗಿಲ್ಲ ಎಂದರು ಸಾಹೇಬರು. ಅಲ್ಲಿಯದನ್ನೇ ಬದಲಿಸಿಕೊಡುತ್ತೇನೆಂದರೆ, ಸರ್ಕಾರದ ಸ್ವತ್ತು ಮುಟ್ಟಬೇಡ ಎಂದರು. ಜುಂಜಮ್ಮ ಈಗ ಅದೇ ಕಚೇರಿಯಲ್ಲಿ ಟಪಾಲಿಗೆ ಗೋಂದು ಹಚ್ಚುತ್ತಾಳೆ.

"ನಂದೇ ತಪ್ಪು ಸ್ವಾಮಿ," ಎನ್ನುತ್ತಾರೆ ಲಕ್ಷ್ಮಯ್ಯ, ಬ್ರಷ್ಷು ಕೆಳಗಿಟ್ಟು. "ಪಾಸಾಗೋದೊಂದ್ನೇ ನೋಡ್ಬುಟ್ಟೆ. ಆಮ್ಯಾಲೆ ಎಂಥಾ ಮಿಷನ್ ಮುಂದೆ ಕೂತ್ಕಬೇಕು ಅನ್ನೋದು ತಲೇಗೇ ಬರ್ಲಿಲ್ಲ. ನಾನು ಸುಮ್ಕಿದ್ದಿದ್ರೆ, ಮಾಮೂಲಿ ಮಿಷನ್ನಲ್ಲೇ ಹೆಂಗೋ ಕಲ್ತಿರೋಳು. ವಸಿ ತಡ ಆಗಿರೋದು, ಅಷ್ಟೆಯಾ."

ದಿನಾ ಬೆಳಿಗ್ಗೆ ತಿಕ್ಕುವ ಜುಂಜಮ್ಮನ ಆ ಮಿಷನ್ ಕೇಳಿಕೊಂಡು ಗಿರಾಕಿಗಳು ಬರುತ್ತಾರೆ. ಅಕ್ಷರಗಳನ್ನು ಮೊದಲಿನ ಜಾಗಕ್ಕೆ ಹಾಕಿಕೊಡು ಎನ್ನುತ್ತಾರೆ. ಇವರು ಒಪ್ಪುವುದಿಲ್ಲ. ಭಾನುವಾರ ಜುಂಜಮ್ಮ ಬಂದು ಅದರ ಮುಂದೆ ಕೂರುತ್ತಾಳಲ್ಲ! ಪಟಪಟನೆ ಒಂದು ಹಾಳೆ ತುಂಬಿಸಿ, "ಅಣ್ಣೋ, ಒಂದೂ ತಪ್ಪಿಲ್ಲ ನೋಡು" ಎಂದು ನಗುತ್ತಾಳೆ.

ನಿಮಗೇನಾದರೂ ಆಸೆ ಉಂಟೇ ಎಂದರೆ ಲಕ್ಷ್ಮಯ್ಯ ಮತ್ತೆ ಬ್ರಷ್ಷು ಕೈಗೆತ್ತಿಕೊಳ್ಳುತ್ತಾರೆ.

"ಒಂದ್ಸಲ ಬಾಯ್ತುಂಬ ಬೈದ್ಬುಡ್ಲಿ ಸ್ವಾಮಿ ಅವ್ಳು, ಸಾಕು. ಬೈಯಲ್ಲ. ಬಂದಾಗೆಲ್ಲ ಕಡಲೆಕಾಯಿ ತತ್ತಾಳೆ."