ಕೊಟ್ರಬಸಮ್ಮನ ಹಟ

ಕೊಟ್ಟೂರಿನ ಗುರುಸಂಗಪ್ಪನಿಗೆ ಬಟ್ಟೆ ಅಂಗಡಿ ಇತ್ತು. ಊರು ಮಾತ್ರ ಅವನನ್ನು ಗುರುತಿಸುತ್ತಿದ್ದುದು ಮಣ್ಣಿನ ಪಟ್ಟಿಯಿಂದ. ಹರೆಯದಲ್ಲೇ ಗಾಂಧೀಜಿಯ ವಿಚಾರಗಳಿಗೆ ಮರುಳಾದವನು ಮಿಲ್ ಬಟ್ಟೆ ಬಿಟ್ಟು ಖಾದಿಯೊಂದನ್ನೇ ಮಾರತೊಡಗಿದ. ಜ್ವರದವರು, ಹೊಟ್ಟೆನೋವಿನವರು ಬಂದರೆ ಗಾಂಧೀಜಿ ಬರೆದಿದ್ದಂತೆಯೇ ಪಡಸಾಲೆಯಲ್ಲಿ ಮಲಗಿಸಿ, ಕೆರೆಯ ಮಣ್ಣನ್ನು ಸಾಣಿಸಿ, ನೆನೆಸಿ, ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯ ಮೇಲಿಡುತ್ತಿದ್ದ. ಗುಣವಾದವರು ಬಂದು ಕೈಮುಗಿಯುತ್ತಿದ್ದರು. ಆಗದವರು ಸದ್ದಿಲ್ಲದೆ ದವಾಖಾನೆಗೆ ಹೋಗುತ್ತಿದ್ದರು. ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಹೆಂಡತಿ ಕೊಟ್ರಬಸಮ್ಮ ಮೊದಲು ಇದನ್ನೆಲ್ಲ ನಂಬಿದವಳಲ್ಲ. ಮಗಳು ಪುಷ್ಪಲತಾ ಎಳೆಗೂಸಾಗಿದ್ದಾಗ ಜ್ವರ ಏರಿತು. ಕೊಟ್ರಬಸಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ಔಷಧಿ ತಂದಳು. ಗುರುಸಂಗಪ್ಪ ಅದನ್ನು ಬಚ್ಚಲಿಗೆ ಸುರಿದ. ಅವಳು ಅತ್ತು ರಂಪ ಮಾಡಿದಳು. ಅವನು ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಊಟ ಬಿಟ್ಟು ಗೋಡೆಗೆ ಒರಗಿ ಕುಳಿತ. ತೊಟ್ಟಿಲಲ್ಲಿ ಸುಡುವ ಕೂಸು, ಎದುರಿಗೆ ಉಪವಾಸ ಕೂತ ಗಂಡ. ಅವಳೇ ಸೋತು ಮಣ್ಣು ಕಲಸಿದಳು. ಕೂಸು ಬದುಕಿತು.

ಅವತ್ತಿನಿಂದ ಅವಳ ನಂಬಿಕೆ ಅವನದನ್ನೂ ಮೀರಿ ಬೆಳೆಯಿತು. ಗುಳಿಗೆ ಮುಟ್ಟಲಿಲ್ಲ. ಓಣಿಯ ಹೆಂಗಸರಿಗೆ ತಾನೇ ಪಟ್ಟಿ ಹಾಕತೊಡಗಿದಳು. "ನನಗಿಂತ ಈಕಿನ ಗಟ್ಟಿ" ಎಂದು ಗುರುಸಂಗಪ್ಪ ಬಂದವರೆದುರು ಹಿಗ್ಗುತ್ತಿದ್ದ.

ತೊಂಬತ್ತೇಳರ ಬೇಸಿಗೆಯಲ್ಲಿ ಅವಳ ಪಾದಕ್ಕೆ ಜಾಲಿಮುಳ್ಳು ಚುಚ್ಚಿತು. ಗಾಯ ಮಾಯಲಿಲ್ಲ. ಸಕ್ಕರೆ ಕಾಯಿಲೆ ಯಾವಾಗಲೋ ಮೈಹೊಕ್ಕಿದ್ದು ಯಾರಿಗೂ ತಿಳಿದಿರಲಿಲ್ಲ. ಮಣ್ಣು ಕಟ್ಟುತ್ತ ಹೋದರು, ಪಾದ ಕಪ್ಪಾಗುತ್ತ ಹೋಯಿತು. ಹಡಗಲಿಗೆ ಕೊಟ್ಟಿದ್ದ ಪುಷ್ಪಲತಾ ಸುದ್ದಿ ತಿಳಿದು ಡಾಕ್ಟರನ್ನೇ ಕರೆದುಕೊಂಡು ಬಂದಳು.

"ಇವತ್ತ ಬಳ್ಳಾರಿಗೆ ಒಯ್ರಿ. ತಡ ಆದ್ರ ಕಾಲಲ್ಲ, ಜೀವಾನ ಉಳಿಯಂಗಿಲ್ಲ" ಎಂದರು ಡಾಕ್ಟರು.

ಗುರುಸಂಗಪ್ಪ ತಟ್ಟನೆ ಎದ್ದು ನಿಂತ. "ನಡಿ ಬಸಮ್ಮ, ಹೋಗೋಣು."

"ನಾ ಒಲ್ಲೆ."

"ಹಟ ಮಾಡಬ್ಯಾಡ. ಗಾಂಧೀಜಿನೂ ಜೈಲಿನಾಗಿದ್ದಾಗ ಹೊಟ್ಟಿ ಆಪರೇಶನ್ ಮಾಡಿಸಿಕೊಂಡಿದ್ರು."

ಕೊಟ್ರಬಸಮ್ಮ ಅವನ ಮುಖವನ್ನೇ ನೋಡಿದಳು. "ಹೌದೇನ್ರಿ? ಇಷ್ಟು ವರ್ಷ ಯಾಕ ಹೇಳಲಿಲ್ಲ?"

ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

"ನನ್ನ ಕೂಸಿನ ಔಷಧಿ ಬಚ್ಚಲಕ್ಕ ಸುರುವಿದ್ರಿ. ಕೂಸಿಗೊಂದು ನ್ಯಾಯ, ನನಗೊಂದು ನ್ಯಾಯ ಬ್ಯಾಡ" ಎಂದಳು.

ಅವನಿಗೆ ತಿಳಿದಿದ್ದುದು ಒಂದೇ ದಾರಿ. ಅವಳು ಒಪ್ಪುವ ತನಕ ಉಪವಾಸವೆಂದು ಗೋಡೆಗೆ ಒರಗಿ ಕುಳಿತ. ಮಗಳು ರೊಟ್ಟಿ ತಂದಿಟ್ಟರೆ ಕೊಟ್ರಬಸಮ್ಮ ತಾಟು ಸರಿಸಿದಳು. "ಅವರು ಉಣ್ಣಲಿ, ಆಮ್ಯಾಲೆ ನಾ ಉಣ್ತೀನಿ."

ಸಂಜೆಯ ಹೊತ್ತಿಗೆ ಅವಳ ಮಾತು ತೊದಲತೊಡಗಿತು. ಪುಷ್ಪಲತಾ ತಂದೆಯ ಭುಜ ಹಿಡಿದು ಅಲುಗಿಸಿದಳು. "ಯಪ್ಪಾ, ಮೊದ್ಲು ಉಣ್ಣು! ಕುಂತಲ್ಲೇ ಅವ್ವನ್ನ ಕೊಲ್ಲಾಕತ್ತಿ ನೀನು!"

ಗುರುಸಂಗಪ್ಪ ರೊಟ್ಟಿ ಮುರಿದ. ನೀರು ಕುಡಿದು ಇಳಿಸಿದ. ಅವಳೂ ಒಂದು ತುತ್ತು ತಿಂದಳು. ಆಸ್ಪತ್ರೆಯ ಮಾತೆತ್ತಿದರೆ ಮಾತ್ರ ಆ ಕಡೆ ಹೊರಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳಿಗೆ ಎಚ್ಚರ ತಪ್ಪಿತು. ಅಳಿಯ ಗುರುಬಸವರಾಜ ಜೀಪು ತಂದು ನಿಲ್ಲಿಸಿದ. "ಏನ್ ಮಾಡಾಣ್ರಿ, ಮಾವಾರ?"

ಎಲ್ಲರೂ ಗುರುಸಂಗಪ್ಪನ ಬಾಯಿ ನೋಡುತ್ತಿದ್ದರು. ಒಲ್ಲೆನೆಂದವಳನ್ನು ಎತ್ತಿ ಒಯ್ದರೆ ಅದು ಬಲಾತ್ಕಾರವಲ್ಲವೇ? ಹೀಗೇ ಬಿಟ್ಟರೆ ಅದೇನು? ಹೂಂ ಅನ್ನಲು ಆಗಲಿಲ್ಲ, ಉಹೂಂ ಅನ್ನಲೂ ಆಗಲಿಲ್ಲ. ಪುಷ್ಪಲತಾ ಕಾಯಲಿಲ್ಲ. "ಎತ್ರಿ ಅವ್ವನ್ನ" ಎಂದಳು.

ಬಳ್ಳಾರಿಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಜೀವ ಉಳಿಯಿತು. ಎಚ್ಚರವಾದಾಗ ಕೊಟ್ರಬಸಮ್ಮ ಹೊದಿಕೆಯ ಮೇಲೆ ಕೈಯಾಡಿಸಿದಳು. ಕೈ ಬರೀ ಹಾಸಿಗೆಗೆ ತಾಗಿತು.

"ಯಾರನ್ನ ಕೇಳಿ ಕೊಯ್ಸಿದ್ರಿ?"

"ನಾ ಏನೂ ಹೇಳಲಿಲ್ಲ, ಬಸಮ್ಮ."

"ಬ್ಯಾಡ ಅಂತನೂ ಹೇಳಲಿಲ್ಲೇನು?"

ಅವಳು ಮತ್ತೆ ಕೊಟ್ಟೂರಿಗೆ ಬರಲಿಲ್ಲ, ಹಡಗಲಿಯ ಮಗಳ ಮನೆಯಲ್ಲೇ ಉಳಿದಳು. ಮಗಳು ದಿನಾ ಇನ್ಸುಲಿನ್ ಕೊಡಲು ಬಂದರೆ ತೋಳು ಚಾಚುತ್ತಿದ್ದಳು. ಗುರುಸಂಗಪ್ಪ ಪಟ್ಟಿ ಕಟ್ಟುವುದನ್ನು ಬಿಟ್ಟ. ದೂರದಿಂದ ಬಂದವರು ಯಾಕೆಂದು ಕೇಳಿದರೆ ನೀರು ಕೊಟ್ಟು ಕಳಿಸುತ್ತಿದ್ದ.

ವಾರಕ್ಕೊಮ್ಮೆ ಬಸ್ಸು ಹತ್ತಿ ಹಡಗಲಿಗೆ ಹೋಗಿ ಅವಳ ಮಂಚದ ಬಳಿ ಕೂರುತ್ತಿದ್ದ. ಅವಳು ಮಳೆಯ ಮಾತಾಡುತ್ತಿದ್ದಳು, ಊರವರನ್ನು ವಿಚಾರಿಸುತ್ತಿದ್ದಳು. ನೀರಡಿಕೆಯಾದರೆ ಮಾತ್ರ ಪಕ್ಕದಲ್ಲಿದ್ದ ಅವನನ್ನು ಕೇಳದೆ ಒಳಗಿದ್ದ ಮಗಳನ್ನು ಕೂಗುತ್ತಿದ್ದಳು. ತಂದುಕೊಡಲು ಎದ್ದವನು ಅರ್ಧದಲ್ಲೇ ನಿಂತು, ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದ.