ಹಾಡನ್ನು ಮೇಲಕ್ಕೆ ಹತ್ತಿಸಿದವರು

ಅಂಕಲ್ ತಲೆ ಸದಾ ಎಡಕ್ಕೆ ವಾಲಿರುತ್ತಿತ್ತು. ಚಿಕ್ಕಂದಿನಲ್ಲಿ ಮಂಗನಬಾವು ಬಂದು ಬಲಗಿವಿ ಹೋಗಿತ್ತಂತೆ. ಯಾರು ಮಾತಾಡಿಸಿದರೂ ಎಡಗಿವಿ ಮುಂದೆ ಮಾಡಿ, ಬಾಯಿ ಅರ್ಧ ತೆರೆದು ಕೇಳುತ್ತಿದ್ದರು. ಅಡುಗೆಮನೆಯ ರೇಡಿಯೋ ಮುಂದೆಯೂ ಅದೇ ಭಂಗಿ.

ಐಟಿಯವರನ್ನು ಅಮೆರಿಕ ಕೈಬೀಸಿ ಕರೆಯುತ್ತಿದ್ದ ಕಾಲ. ಪ್ರಿನ್ಸ್‌ಟನ್‌ನಲ್ಲಿ ಕೆಲಸ ಸಿಕ್ಕಿದ ನಾನು ಹತ್ತಿರದ ಊರಾದ ಸಮರ್‌ಸೆಟ್‌ನ ಅಂಕಲ್ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದಿದ್ದೆ. ಅವರು ಮೈಸೂರಿನವರು. ಅರವತ್ತರ ದಶಕದಲ್ಲಿ ಓದಲು ಬಂದು, ಔಷಧಿ ಕಂಪನಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಕಾರಣ ಕೇಳಿದವರಿಗೆ, "ಲೈನ್ ಎಂಗೇಜ್ ಇತ್ತು ಕಣಪ್ಪ" ಎಂದು ನಗುತ್ತಿದ್ದರು.

ಶನಿವಾರ ಮಧ್ಯಾಹ್ನ ರೇಡಿಯೋದಲ್ಲಿ ಹಳೆಯ ಹಾಡುಗಳು ಬರುತ್ತಿದ್ದವು. ಒಮ್ಮೆ ಹೆಣ್ಣುದನಿಯ ಒಂದು ಮೆದುವಾದ ಹಾಡು ಶುರುವಾದಾಗ ಅವರು ಸೌಟು ಕೆಳಗಿಟ್ಟರು.

"ಇದು ಇಲ್ಲಿನ ರೇಡಿಯೋ ಸ್ಟೇಷನ್‌ನ ಚಾರ್ಟ್‌ನಲ್ಲಿ ಮೇಲಕ್ಕೆ ಬಂದಿತ್ತು. ನಾನೇ ಹತ್ತಿಸಿದ್ದು!"

ಅವರು ಓದಲು ಬಂದಿದ್ದ ಕಾಲದಲ್ಲಿ ಕೇಳುಗರು ಫೋನ್ ಮಾಡಿ ಮೆಚ್ಚಿದ ಹಾಡು ಹೇಳಬೇಕಿತ್ತು. ಹೆಚ್ಚು ಫೋನ್ ಬಂದ ಹಾಡು ಆ ವಾರದ ಚಾರ್ಟ್‌ನಲ್ಲಿ ಮೇಲೇರುತ್ತಿತ್ತು. ಅಂಕಲ್ ಬೀದಿ ಬೀದಿಯ ಫೋನ್ ಬೂತ್‌ಗಳಿಂದ, ದನಿ ಬದಲಿಸಿ, ಒಂದೊಂದು ಸಲ ಒಂದೊಂದು ಹೆಸರು ಹೇಳಿ ಅದೇ ಹಾಡು ಕೇಳುತ್ತಿದ್ದರಂತೆ. ನಾನು ಹೊಟ್ಟೆ ತುಂಬ ನಕ್ಕೆ. ಅವರೂ ನಕ್ಕರು. ಆದರೆ ಕಥೆ ಅಲ್ಲಿಗೇ ಮುಗಿದಿರಲಿಲ್ಲ.

ಆ ಚಳಿಗಾಲ ಕಂಪನಿಗಳು ಒಂದೊಂದಾಗಿ ಮುಳುಗತೊಡಗಿದವು. ನನ್ನ ಕೆಲಸ ಹೋಯಿತು, ವೀಸಾ ಕೆಲಸಕ್ಕೆ ಅಂಟಿಕೊಂಡಿತ್ತು; ಗಡುವಿನೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕಿತ್ತು. ಊರಿಗೆ ಫೋನ್ ಮಾಡಿ ಹೇಳುವ ಧೈರ್ಯವಿಲ್ಲದೆ ಕೋಣೆ ಸೇರಿ ಕಂಬಳಿ ಹೊದ್ದು ಮಲಗಿಬಿಟ್ಟೆ. ಊಟ ಬೇಕೆನಿಸಲಿಲ್ಲ. ಮರುದಿನ ಅಂಕಲ್ ಬಾಗಿಲು ತಟ್ಟಿದರು.

"ನಿನ್ನೆಯಿಂದ ಮೆಟ್ಟಿಲ ಸದ್ದಿಲ್ಲ. ನನಗಿರೋದು ಒಂದೇ ಕಿವಿ, ಅದಕ್ಕೂ ಕೇಳ್ಲಿಲ್ಲ ಅಂದ್ರೆ ಏನಯ್ಯ?"

ಕೈಯಲ್ಲಿ ಅನ್ನ, ಸಾರು. ಮಂಚದ ತುದಿಯಲ್ಲಿ ಕೂತು, ನಾನು ತಿನ್ನುವವರೆಗೆ ಎದ್ದೇಳಲಿಲ್ಲ. ಆಗ ಉಳಿದ ಕಥೆ ಹೇಳಿದರು.

ಸ್ಟೇಷನ್‌ನಲ್ಲಿ ಫೋನ್ ಎತ್ತುತ್ತಿದ್ದವಳು ಒಬ್ಬ ಹುಡುಗಿ. ಮೊದಲ ದಿನವೇ ಅವರ ಆಕ್ಸೆಂಟ್ ಗುರುತು ಹಿಡಿದಿದ್ದಳು. "ಇವತ್ತು ಏನು ಹೆಸರು?" ಎಂದು ನಗುತ್ತಲೇ ಪ್ರತಿ ಫೋನನ್ನೂ ಹಾಡಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದಳು. ಒಮ್ಮೆ ಅಂಕಲ್ ಜ್ವರದಲ್ಲಿ ಮಲಗಿ ಒಂದು ವಾರ ಫೋನ್ ಮಾಡಲಿಲ್ಲ.

"ಆಮೇಲೆ ಮಾಡಿದಾಗ, ಎಲ್ಲಿ ಹೋಗಿದ್ರಿ, ಹುಷಾರಿಲ್ವಾ ಅಂತ ಕೇಳಿದ್ಲು ಕಣಯ್ಯ. ಈ ದೇಶದಲ್ಲಿ ನಾನು ಕಾಣಿಸ್ತಿಲ್ಲ ಅಂತ ಗೊತ್ತಾಗಿದ್ದು ಅವಳೊಬ್ಬಳಿಗೇ."

"ಹೋಗಿ ಭೇಟಿ ಮಾಡಲಿಲ್ವಾ ಅಂಕಲ್?"

"ಅದರ ಮುಂದಿನ ವಾರ, ನನ್ನ ನಿಜವಾದ ಹೆಸರು ಹೇಳೋಣ ಅಂತ ಫೋನ್ ಮಾಡಿದೆ. ಯಾರೋ ಗಂಡಸು ಎತ್ತಿದ. ಅವಳು ಮದುವೆಯಾಗಿ ಕೆಲಸ ಬಿಟ್ಟು ಹೋದ್ಲು ಅಂದ." ತಟ್ಟೆ ಎತ್ತಿಕೊಂಡು ಎದ್ದರು. "ಮೊದಲು ಊರಿಗೆ ಫೋನ್ ಮಾಡು. ಅಪ್ಪ ಅಮ್ಮನಿಗೆ ನಿಜ ಹೇಳು."

ಹೇಳಿದೆ. ಅಮ್ಮ ಅತ್ತಳು, ಅಪ್ಪ "ಬಂದ್ಬಿಡು, ಏನಾಯ್ತೀಗ" ಎಂದರು. ಎದೆಯ ಭಾರ ಇಳಿಯಿತು. ಗಡುವು ಮುಗಿಯುವ ಮೊದಲೇ ದೂರದ ಹ್ಯಾರಿಸನ್ ಕಡೆ ಬೇರೊಂದು ಕೆಲಸ ಸಿಕ್ಕಿ ಅಲ್ಲಿಗೆ ಮನೆ ಬದಲಿಸಿದೆ. ಸಮರ್‌ಸೆಟ್‌ಗೆ ಹೋಗುವುದು ಹಬ್ಬಗಳಿಗಷ್ಟೇ ಆಯಿತು.

ಕೆಲವು ವರ್ಷಗಳ ಬಳಿಕ ಅಂಕಲ್ ನಿದ್ದೆಯಲ್ಲೇ ತೀರಿಕೊಂಡರೆಂದು ಅವರ ಪಕ್ಕದ ಮನೆಯ ಆಂಟಿ ತಿಳಿಸಿದರು. ದಹನಕ್ಕೆ ಸೇರಿದ್ದು ಕನ್ನಡದ ನಾಲ್ಕಾರು ಜನ. ಹೊರಗೆ ಹಿಮ ಬೀಳುತ್ತಿತ್ತು. ಚಿತಾಗಾರದ ಸಿಬ್ಬಂದಿಯೊಬ್ಬ ಬಂದು, "ಇವರ ಮನೆಯವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ನಾನು ಕೋಟು ಸರಿಮಾಡಿಕೊಂಡು ಮುಂದೆ ಹೋಗಿ ನಿಂತೆ.